ನಾಟಾ ಎಳೆದ ಆನೆಗಳು

ಕಾರಹುಣ್ಣಿಮೆ ಬಂತೆಂದರೆ ರಾಯಚೂರಿನಲ್ಲಿ ಜನ ಕಲ್ಲು ಎಳೆಯುವುದನ್ನು ನೋಡಲು ಸೇರುತ್ತಾರೆ. ಒಂದೂವರೆ ಟನ್, ಎರಡು ಟನ್ ತೂಗುವ ಕಲ್ಲಿನ ತುಂಡಿಗೆ ಸರಪಳಿ ಬಿಗಿದು ಜೋಡೆತ್ತು ಹೂಡುತ್ತಾರೆ. ಕಲ್ಲಿಗೆ ಗಾಲಿ ಇಲ್ಲ, ಕೆಳಗೆ ಉರುಳುವ ದಿಮ್ಮಿಯೂ ಇಲ್ಲ. ಬರಿಯ ನೆಲದ ಮೇಲೆ ಕೊಟ್ಟ ಸಮಯದೊಳಗೆ ಯಾವ ಜೋಡಿ ಹೆಚ್ಚು ದೂರ ಎಳೆಯುತ್ತದೆಯೋ ಆ ಜೋಡಿಗೆ ಬಹುಮಾನ. ಎತ್ತು ಮುಂಗಾಲು ಊರಿ, ಕತ್ತು ತಗ್ಗಿಸಿ ಕಲ್ಲನ್ನು ಅಲ್ಲಾಡಿಸುವ ಮೊದಲ ಕ್ಷಣಕ್ಕೆ ಗುಂಪು ಉಸಿರು ಬಿಗಿಹಿಡಿಯುತ್ತದೆ. ಒಮ್ಮೆ ಕಲ್ಲು ಜರುಗಿತೆಂದರೆ ಮುಂದಿನ ಎಳೆತ ಅಷ್ಟು ಕಷ್ಟವಲ್ಲ ಎಂಬುದು ಒಕ್ಕಲಿಗರಿಗೆಲ್ಲ ಗೊತ್ತಿರುವ ಸಂಗತಿ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಗೊರೇಬಾಳದಂಥ ಬಯಲುಸೀಮೆಯ ಊರುಗಳಲ್ಲಿ ಎಳೆಯುವ ಕೆಲಸವೆಂದರೆ ಎತ್ತಿನ ಕೆಲಸ. ಕುಂಟೆ, ಕೂರಿಗೆ, ಬಂಡಿ ಎಲ್ಲಕ್ಕೂ ಎತ್ತೇ. ಈಗ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಗದ್ದೆಗಳಲ್ಲಿ ಟ್ರ್ಯಾಕ್ಟರಿನ ಸದ್ದೇ ಹೆಚ್ಚು. ಆದರೆ ಈ ಸೀಮೆಯಲ್ಲಿ ಎಳೆದು ತರಬೇಕಾದಷ್ಟು ದೊಡ್ಡ ಮರ ಎಂದೂ ಇರಲಿಲ್ಲ. ಬಂಡಿಯ ಗಾಲಿಗೆ ಹೊಲದ ಬದುವಿನ ಕರಿಜಾಲಿ, ಮಾಳಿಗೆ ಮನೆಯ ಜಂತಿಗೆ ಬೇವು ಸಾಕಾಗುತ್ತಿತ್ತು. ಉಳ್ಳವರ ಮನೆಯ ತಲೆಬಾಗಿಲು, ತೊಲೆ, ಕಂಬಗಳಿಗೆ ಬೇಕಾದ ಸಾಗುವಾನಿ ದೂರದ ಕಾಡಿನಿಂದ ಬರಬೇಕಿತ್ತು. ಆ ಮರವನ್ನು ಕಾಡಿನೊಳಗಿನ ಬುಡದಿಂದ ಬಂಡಿ ನಿಲ್ಲುವ ದಾರಿಯವರೆಗೆ ತಂದವರಾರು? ಪಶ್ಚಿಮದ ದೇಶಗಳಲ್ಲಿ ಈ ಪ್ರಶ್ನೆ ಕೇಳಿದರೆ 'ಕುದುರೆ' ಎಂಬ ಉತ್ತರ ಬರುತ್ತದೆ. ಕರ್ನಾಟಕದಲ್ಲಿ ಉತ್ತರ ಬೇರೆ. ಆ ಉತ್ತರದೊಳಗೆ ನೂರು ವರ್ಷಗಳಿಗೂ ಮಿಕ್ಕಿದ ಒಂದು ಕಥೆಯಿದೆ.

ಕುದುರೆ ಎಳೆದ ಕಾಡುಗಳು

ಯುರೋಪು ಮತ್ತು ಉತ್ತರ ಅಮೆರಿಕದ ಕಾಡುಗಳಲ್ಲಿ ಶತಮಾನಗಳ ಕಾಲ ಮರ ಹೊರತಂದದ್ದು ಕುದುರೆ. ಬೆಲ್ಜಿಯಂ ಕಡೆಯ ಆರ್ಡೆನ್, ಫ್ರಾನ್ಸಿನ ಪರ್ಶರಾನ್ ಮುಂತಾದ ತಳಿಗಳು ಎಳೆಯಲೆಂದೇ ಬೆಳೆಸಿದವು. ಏಳೆಂಟು ನೂರು ಕಿಲೋ ತೂಗುವ, ಅಗಲ ಎದೆಯ, ದಪ್ಪ ಕಾಲಿನ ಪ್ರಾಣಿಗಳಿವು. ಕೆನಡಾ, ಸ್ವೀಡನ್‌ಗಳಲ್ಲಿ ಚಳಿಗಾಲದ ಹಿಮವೇ ರಸ್ತೆ. ಮರವನ್ನು ಜಾರುಬಂಡಿಗೆ ಹೇರಿ ಹೆಪ್ಪುಗಟ್ಟಿದ ನದಿಯ ದಂಡೆಗೆ ತಂದಿಡುತ್ತಿದ್ದರು. ಹಿಮ ಕರಗಿದಾಗ ನದಿಯೇ ಅದನ್ನು ಮುಂದಕ್ಕೆ ಸಾಗಿಸುತ್ತಿತ್ತು.

ಟ್ರ್ಯಾಕ್ಟರು, ವಿಂಚುಗಳು ಬಂದಮೇಲೆ ಕುದುರೆ ಮೂಲೆಗೆ ಸರಿಯಿತು. ಆದರೂ ಜರ್ಮನಿ, ಫ್ರಾನ್ಸ್, ಬ್ರಿಟನ್, ಸ್ವೀಡನ್‌ಗಳ ಕೆಲವು ಕಾಡುಗಳಲ್ಲಿ ಇಂದಿಗೂ ಕುದುರೆಯಿಂದ ಮರ ಎಳೆಸುತ್ತಾರೆ. ಇದು ಬರಿಯ ಹಳೆಯ ನೆನಪಿನ ಮೋಹವೆಂದು ತಳ್ಳಿಹಾಕುವಂತಿಲ್ಲ. ಭಾರದ ಯಂತ್ರ ಕಾಡಿನೊಳಗೆ ಓಡಾಡಿದರೆ ಮಣ್ಣು ಅಮುಕಿಹೋಗುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿ, ನೀರು ನಿಲ್ಲುವ ಸಂದುಗಳು ಮುಚ್ಚುತ್ತವೆ. ಮಳೆನೀರು ಇಂಗುವ ಬದಲು ಹರಿದುಹೋಗುತ್ತದೆ, ಸಸಿಯ ಬೇರು ಇಳಿಯಲಾರದು. ಹಾಗೆ ಅಮುಕಿದ ನೆಲ ಸರಿಹೋಗಲು ದಶಕಗಳೇ ಬೇಕು. ಕುದುರೆಯ ಗೊರಸು ಅಲ್ಲಲ್ಲಿ ಮಾತ್ರ ಊರುತ್ತದೆ. ನಿಂತ ಮರಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳಿ, ಎಳೆಯ ಮರಗಳ ತೊಗಟೆ ತರಚದಂತೆ ಅದು ದಿಮ್ಮಿಯನ್ನು ಹೊರತರಬಲ್ಲದು. ಆದ್ದರಿಂದ ಎಳೆಯ ನೆಡುತೋಪುಗಳಲ್ಲಿ ಹೆಚ್ಚಿನ ಮರಗಳನ್ನು ಆರಿಸಿ ಕಡಿಯುವಾಗ, ಇಳಿಜಾರು ಅಥವಾ ಜೌಗು ನೆಲದಲ್ಲಿ ಅಲ್ಲಿಯ ಅರಣ್ಯಾಧಿಕಾರಿಗಳು ಕುದುರೆಯವನನ್ನು ಕರೆಸುತ್ತಾರೆ. ಕಾಡಿನೊಳಗಿನ ಎಳೆತ ಕುದುರೆಗೆ, ದಾರಿಗೆ ಬಂದ ಮೇಲಿನ ಸಾಗಣೆ ಯಂತ್ರಕ್ಕೆ ಎಂದು ಕೆಲಸ ಹಂಚುವುದೂ ಉಂಟು.

ನಮ್ಮಲ್ಲೇಕೆ ಕುದುರೆ ಇಲ್ಲ?

ಕನ್ನಡ ನಾಡು ಕುದುರೆಯನ್ನು ಕಾಣದ ನಾಡೇನಲ್ಲ. ರಾಯಚೂರು ದೋಆಬಿನ ಚರಿತ್ರೆಯನ್ನು ಕುದುರೆ ಬಿಟ್ಟು ಬರೆಯುವುದೇ ಸಾಧ್ಯವಿಲ್ಲ. ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ ವಿಜಯನಗರ ಮತ್ತು ಬಹಮನಿ, ಬಿಜಾಪುರದ ಸೇನೆಗಳು ಮತ್ತೆ ಮತ್ತೆ ಸೆಣಸಿದವು. 1520ರ ರಾಯಚೂರು ಕಾಳಗದಲ್ಲಿ ಕೃಷ್ಣದೇವರಾಯನ ಸೇನೆ ಇಸ್ಮಾಯಿಲ್ ಆದಿಲ್ ಶಾಹನ ಸೇನೆಯನ್ನು ಸೋಲಿಸಿತು. ಆ ಕಾಲದಲ್ಲಿ ಕುದುರೆಗಳು ಅರಬ್ ದೇಶ, ಪರ್ಷಿಯಾಗಳಿಂದ ಹಡಗಿನಲ್ಲಿ ಗೋವೆ, ಹೊನ್ನಾವರ, ಭಟ್ಕಳಗಳಿಗೆ ಬಂದು ಇಳಿಯುತ್ತಿದ್ದವು. ಸಾಳುವ ನರಸಿಂಹ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಎಣಿಸುತ್ತಿದ್ದನೆಂದೂ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ.

ಇಷ್ಟು ಬೆಲೆಯ ಪ್ರಾಣಿಯನ್ನು ಮರದ ದಿಮ್ಮಿಗೆ ಕಟ್ಟುವವರು ಯಾರು? ಇಲ್ಲಿ ಕುದುರೆ ಎಂದರೆ ಯುದ್ಧ, ಸವಾರಿ, ಮೆರವಣಿಗೆ. ಟಿಪ್ಪುವಿನ ಕಾಲದ ನಂಟು ಹೇಳುವ ಕುಣಿಗಲ್ಲಿನ ಕುದುರೆ ಫಾರಂ ಕೂಡ ಸೇನೆಗಾಗಿ ಹುಟ್ಟಿದ್ದು. ಭಾರ ಎಳೆಯಲು ಎತ್ತುಗಳಿದ್ದವು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಬೆಳೆದು ಟಿಪ್ಪುವಿನಿಂದ 'ಅಮೃತಮಹಲ್' ಎಂಬ ಹೆಸರು ಪಡೆದ ದನಗಳು ಮೈಸೂರು ಸೇನೆಯ ತೋಪುಗಳನ್ನು ಎಳೆದವು.

ಬೆಲೆಯ ಮಾತು ಹಾಗಿರಲಿ, ಮಲೆನಾಡಿನ ಹವೆಯೂ ಕುದುರೆಗೆ ಒಗ್ಗುವುದಿಲ್ಲ. ಆರು ತಿಂಗಳ ಮಳೆ, ಕೆಸರು, ಉಂಬಳ ಒಂದು ಕಡೆ. ಕಚ್ಚುವ ನೊಣಗಳು ಹರಡುವ 'ಸರ್ರಾ' ರೋಗ ಇನ್ನೊಂದು ಕಡೆ. ರಕ್ತದಲ್ಲಿ ಸೇರುವ ಸೂಕ್ಷ್ಮಜೀವಿಯೊಂದರಿಂದ ಬರುವ ಈ ಕಾಯಿಲೆ ದನ ಎಮ್ಮೆಗಳಲ್ಲಿ ಸಾಮಾನ್ಯವಾಗಿ ಸೌಮ್ಯವಾಗಿದ್ದರೆ ಕುದುರೆಗೆ ಪ್ರಾಣಾಂತಕ. ಮೇಲಾಗಿ ಕುದುರೆಗೆ ಹುರುಳಿ, ಒಣಹುಲ್ಲುಗಳನ್ನು ಕಾಡಿಗೆ ಹೊತ್ತು ತರಬೇಕು. ಹೀಗಾಗಿ ಘಟ್ಟದ ಕಾಡುಗಳಲ್ಲಿ ಸಣ್ಣ ದಿಮ್ಮಿಗೆ ಎತ್ತು, ಕೆಸರಿನ ನೆಲದಲ್ಲಿ ಕೋಣ ದುಡಿದವು. ದೊಡ್ಡ ನಾಟಾ, ಕಡಿದಾದ ಇಳುಕಲು ಎದುರಾದಾಗ ಅವೂ ಸೋಲುತ್ತಿದ್ದವು. ಅಲ್ಲಿಗೆ ಬಂದದ್ದು ಆನೆ.

ಪಟ್ಟದ ಆನೆ, ಕೂಪಿನ ಆನೆ

ಆನೆಯನ್ನು ಬಲ್ಲ ನಾಡು ಇದು. ಮದಗಜ ಗಂಗರ ಲಾಂಛನ. ಆ ವಂಶದ ಇಮ್ಮಡಿ ಶಿವಮಾರ ಕನ್ನಡದಲ್ಲಿ 'ಗಜಶತಕ' ರಚಿಸಿದನೆಂದು ಶಾಸನ ಹೇಳುತ್ತದೆ. ಕೃತಿ ನಮಗೆ ಉಳಿದುಬಂದಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' 12ನೇ ಶತಮಾನದ್ದು. ಕಾಡಾನೆ ಹಿಡಿಯುವ ಐದು ವಿಧಾನಗಳನ್ನು ಅದು ವಿವರಿಸುತ್ತದೆ. ಹೆಣ್ಣಾನೆಯ ಆಸೆ ತೋರಿಸಿ ಹಿಡಿಯುವುದು, ಬೆನ್ನಟ್ಟಿ ಹಿಡಿಯುವುದು, ಗುಂಡಿಗೆ ಬೀಳಿಸುವುದು, ಬೇಲಿಯೊಳಗೆ ಕೂಡಿಹಾಕುವುದು ಎಲ್ಲವೂ ಅಲ್ಲಿವೆ. ಇಷ್ಟೆಲ್ಲ ಆನೆಗಳು ಬೇಕಾಗುತ್ತಿದ್ದುದು ಮುಖ್ಯವಾಗಿ ಯುದ್ಧಕ್ಕೆ ಮತ್ತು ದೇವರ, ದೊರೆಗಳ ವೈಭವಕ್ಕೆ. ಬಂದೂಕು, ಫಿರಂಗಿಗಳು ಬಂದಮೇಲೆ ರಣರಂಗದಲ್ಲಿ ಆನೆಗೆ ಕೆಲಸ ಉಳಿಯಲಿಲ್ಲ. ಸೇನೆಯ ಸಾಮಾನು ಹೊರುವುದು, ಕೆಸರಿನಲ್ಲಿ ಹೂತ ತೋಪನ್ನು ನೂಕುವುದು ಮಾತ್ರ ಮಿಕ್ಕಿತು.

ಅದಕ್ಕೆ ಹೊಸ ಉದ್ಯೋಗ ಕೊಟ್ಟದ್ದು 19ನೇ ಶತಮಾನದ ಮರದ ಹಸಿವು. ಬ್ರಿಟಿಷ್ ನೌಕೆಗಳಿಗೆ ತೇಗ ಬೇಕಿತ್ತು. 1853ರಲ್ಲಿ ಮುಂಬಯಿಯಿಂದ ಮೊದಲ ರೈಲು ಓಡಿದ ಮೇಲೆ ಹಳಿಗಳ ಕೆಳಗೆ ಹಾಸಲು ಮರದ ಸ್ಲೀಪರುಗಳಿಗೆ ಕೊನೆಯಿಲ್ಲದ ಬೇಡಿಕೆ ಹುಟ್ಟಿತು. ಶಿವಮೊಗ್ಗದಲ್ಲಿ ವೈದ್ಯನಾಗಿದ್ದು ಮುಂದೆ ಮದ್ರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ದಕ್ಷಿಣದ ಕಾಡುಗಳು ಬರಿದಾಗುತ್ತಿರುವುದನ್ನು 1861ರ ತನ್ನ ಪುಸ್ತಕದಲ್ಲಿ ದಾಖಲಿಸಿದ. 1864ರಲ್ಲಿ ಮೈಸೂರಿನಲ್ಲಿ ಅರಣ್ಯ ಇಲಾಖೆ ಹುಟ್ಟಿತು. ಕಾಡನ್ನು ಉಳಿಸುವುದು ಮತ್ತು ಕಾಡಿನಿಂದ ಆದಾಯ ತೆಗೆಯುವುದು ಎಂಬ ಎರಡು ಕೆಲಸಗಳು ಅದರ ಹೆಗಲೇರಿದವು. ಆ ಎರಡನೆಯ ಕೆಲಸಕ್ಕೆ ಆನೆ ಬೇಕಾಯಿತು.

ಅದೇ ವರ್ಷ ಹದಿನಾರು ವಯಸ್ಸಿನ ಹುಡುಗನೊಬ್ಬ ಇಂಗ್ಲೆಂಡಿನಿಂದ ಬಂದು ಮೈಸೂರು ಸೇರಿದ. ಹೆಸರು ಜಿ.ಪಿ. ಸ್ಯಾಂಡರ್ಸನ್. ಕನ್ನಡ ಕಲಿತು ನಾಲೆಗಳ ಮೇಲ್ವಿಚಾರಣೆಯ ಕೆಲಸ ಹಿಡಿದ. ಚಾಮರಾಜನಗರದ ಬಳಿ ನೆಲೆಸಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜೊತೆ ಕಾಡು ಸುತ್ತಿ ಆನೆಗಳ ನಡೆ ಅರಿತ. ಹೊಲ ಹಾಳು ಮಾಡುವ ಆನೆಗಳನ್ನು ಕೊಲ್ಲುವ ಬದಲು ಹಿಡಿದು ಪಳಗಿಸಬಹುದೆಂದು ಸರ್ಕಾರವನ್ನು ಒಪ್ಪಿಸಿದ. ಹಿಂಡಿಗೆ ಹಿಂಡನ್ನೇ ತರುಬಿ ಕಂದಕ ಮತ್ತು ಮರದ ಬೇಲಿಯೊಳಗೆ ಕೂಡುವ ಖೆಡ್ಡಾ ಮೈಸೂರಿನಲ್ಲಿ 1873-74ರಲ್ಲಿ ಹೀಗೆ ಆರಂಭವಾಯಿತು. ಇದಕ್ಕೆ ನೂರು ವರ್ಷ ಮುಂಚೆ ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಇಂಥದೇ ಪ್ರಯತ್ನ ಮಾಡಿ ಸೋತಿದ್ದನೆಂದೂ, ಮುಂದೆ ಯಾರಾದರೂ ಈ ಕೆಲಸಕ್ಕೆ ಕೈಹಾಕಿದರೆ ಶಾಪ ತಟ್ಟಲೆಂದು ಕಲ್ಲಿನ ಮೇಲೆ ಕೆತ್ತಿಸಿದ್ದನೆಂದೂ ಸ್ಯಾಂಡರ್ಸನ್ 1878ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬರೆದಿದ್ದಾನೆ.

ಮುಂದೆ ಕಬಿನಿ ದಂಡೆಯ ಕಾಕನಕೋಟೆ ಖೆಡ್ಡಾಕ್ಕೆ ಹೆಸರಾಯಿತು. ಆನೆಗಳನ್ನು ಹೊಳೆಗೆ ಇಳಿಸಿ ದಾಟಿಸುವ ನೋಟವನ್ನು ವೈಸ್‌ರಾಯ್‌ಗಳು, ರಾಜಕುಮಾರರು ಅಟ್ಟಣೆಯ ಮೇಲೆ ಕುಳಿತು ನೋಡಿದರು. ಹತ್ತಿರದ ಕಾರಾಪುರದ ಮಾವುತನ ಮಗ ಸಾಬು ದಸ್ತಗೀರ್ 1937ರ 'ಎಲಿಫೆಂಟ್ ಬಾಯ್' ಚಿತ್ರದ ನಾಯಕನಾಗಿ ಹಾಲಿವುಡ್ ತಲುಪಿದ. ಆದರೆ ಅತಿಥಿಗಳು ಊರಿಗೆ ಮರಳಿದ ಮೇಲೆ ನಡೆಯುತ್ತಿದ್ದುದನ್ನು ಕಂಡವರು ಕಡಿಮೆ. ಹಿಡಿದ ಆನೆಗಳಲ್ಲಿ ಕೆಲವು ಅರಮನೆಗೆ, ಕೆಲವು ದೇವಸ್ಥಾನಗಳಿಗೆ, ಕೆಲವು ಕೊಂಡವರ ಕೈಗೆ ಹೋದವು. ಅರಣ್ಯ ಇಲಾಖೆಯ ಪಾಲಿಗೆ ಬಂದವು ಮರದ ಕೂಪುಗಳಿಗೆ ನಡೆದವು.

ಎಳೆತದ ವಿದ್ಯೆ

ಕೂಪಿನ ಕೆಲಸಕ್ಕೆ ಮುನ್ನ ಆನೆ ಪಳಗಬೇಕು. ಹೊಸ ಆನೆಯನ್ನು ದಪ್ಪ ಮರದ ದಿಮ್ಮಿಗಳಿಂದ ಕಟ್ಟಿದ 'ಕ್ರಾಲ್' ಎಂಬ ಪಂಜರದೊಳಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಡುತ್ತಾರೆ. ಹಸಿವು, ಹಗ್ಗದ ಉರಿ, ಅಂಕುಶದ ನೋವು ಒಂದು ಕಡೆ, ಮಾವುತನ ಕೈಯ ಕಬ್ಬು, ಬೆಲ್ಲ ಇನ್ನೊಂದು ಕಡೆ. ಇದರಲ್ಲಿ ಗಾಯಗೊಂಡ ಆನೆಗಳೂ ಸತ್ತ ಆನೆಗಳೂ ಇದ್ದವು. ಕಾಡಿನ ಮರ ಸುಲಭವಾಗಿ ಹೊರಬಂತೆಂದು ಹೇಳುವಾಗ ಆನೆ ತೆತ್ತ ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಕಡಿದ ಮರದ ಕೊಂಬೆ ಸವರಿ, ಅಳತೆಗೆ ತುಂಡರಿಸಿದ ಮೇಲೆ ಆನೆಯ ಸರದಿ. ದಿಮ್ಮಿಯ ಮುಂತುದಿಯನ್ನು ಕೊಡಲಿಯಿಂದ ಸವರಿ ಗುಂಡಗೆ ಮಾಡುತ್ತಾರೆ. ಇಲ್ಲವಾದರೆ ಅದು ನೇಗಿಲಿನ ಗುಳದಂತೆ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ತುದಿಯಲ್ಲಿ ತೂತು ಕೊರೆದು ಸರಪಳಿ ಪೋಣಿಸುವುದೂ ಉಂಟು. ಸರಪಳಿ ಗಿಡ್ಡವಾಗಿದ್ದರೆ ಎಳೆಯುವಾಗ ದಿಮ್ಮಿಯ ಮೂತಿ ಕೊಂಚ ಮೇಲಕ್ಕೇಳುತ್ತದೆ, ನೆಲದ ಉಜ್ಜುವಿಕೆ ಕಡಿಮೆಯಾಗುತ್ತದೆ. ರಾಯಚೂರಿನಲ್ಲಿ ಕಲ್ಲಿಗೆ ಸರಪಳಿ ಬಿಗಿಯುವವರಿಗೂ ಈ ಗುಟ್ಟು ಹೊಸದೆನಿಸದು.

ಆನೆ ಎಳೆಯುವ ರೀತಿ ಎರಡು. ಎದೆಗೆ, ಕತ್ತಿಗೆ ಅಗಲವಾದ ಪಟ್ಟಿ ಕಟ್ಟಿ ಅದಕ್ಕೆ ಸರಪಳಿ ಜೋಡಿಸುವುದು ಒಂದು. ನಾರಿನ ದಪ್ಪ ಹಗ್ಗವನ್ನು ದವಡೆ ಹಲ್ಲುಗಳ ನಡುವೆ ಕಚ್ಚಿ, ತಲೆ ಓರೆ ಮಾಡಿ ಎಳೆಯುವುದು ಇನ್ನೊಂದು. ಕೇರಳದಲ್ಲಿ ಈ ಎರಡನೆಯ ಪದ್ಧತಿ ಹೆಚ್ಚು ಬಳಕೆಯಲ್ಲಿತ್ತು. ಇದರಲ್ಲೊಂದು ಅನುಕೂಲವಿದೆ. ಇಳಿಜಾರಿನಲ್ಲಿ ದಿಮ್ಮಿ ತಾನಾಗಿ ಉರುಳತೊಡಗಿದರೆ ಆನೆ ಹಗ್ಗವನ್ನು ಬಾಯಿಂದ ಬಿಟ್ಟುಬಿಡಬಹುದು. ಎದೆಗೆ ಕಟ್ಟಿದ ಆನೆಗೆ ಆ ದಾರಿಯಿಲ್ಲ.

ಎಳೆಯುವುದಷ್ಟೇ ಆದರೆ ಯಂತ್ರವೂ ಮಾಡೀತು. ಆನೆ ಮಾಡುತ್ತಿದ್ದುದು ಅದಕ್ಕಿಂತ ಹೆಚ್ಚಿನದು. ಕಂದಕಕ್ಕೆ ಬಿದ್ದ ನಾಟಾವನ್ನು ಹಣೆಯಿಂದ ನೂಕಿ ಮೇಲೆ ತರುತ್ತಿತ್ತು. ಎರಡು ಮರಗಳ ನಡುವೆ ಸಿಕ್ಕಿಕೊಂಡ ದಿಮ್ಮಿಯನ್ನು ದಂತದಿಂದ ಮೀಟಿ, ಸೊಂಡಿಲಿನಿಂದ ತಿರುಗಿಸಿ ಬಿಡಿಸುತ್ತಿತ್ತು. ದಾರಿ ಬದಿಗೆ ತಂದ ತುಂಡುಗಳನ್ನು ಒಂದರ ಮೇಲೊಂದು ಒಟ್ಟುತ್ತಿತ್ತು, ಲಾರಿಗೆ ಏರಿಸುತ್ತಿತ್ತು. ಮೂರು ನಾಲ್ಕು ಟನ್ ತೂಗುವ ಈ ಪ್ರಾಣಿ ಒಂದು ಟನ್ನಿಗೂ ಹೆಚ್ಚಿನ ದಿಮ್ಮಿಯನ್ನು ರಸ್ತೆಯೇ ಇಲ್ಲದ ಕಾಡಿನಿಂದ ಹೊರತರಬಲ್ಲದು. ಅದಕ್ಕೆ ದಾರಿ ಕಡಿಯಬೇಕಿಲ್ಲ, ಎಣ್ಣೆ ಹೊಯ್ಯಬೇಕಿಲ್ಲ.

ಆನೆಯ ಮೇವಿನ ಲೆಕ್ಕವೂ ಕಾಡಿಗೆ ಹೊಂದುವಂಥದು. ದಿನಕ್ಕೆ ನೂರೈವತ್ತು ಕಿಲೋ ಹಸಿಮೇವು ಬೇಕಾಗುವ ಪ್ರಾಣಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕಲಾಗದು. ಆದ್ದರಿಂದ ತಂಪು ಹೊತ್ತಿನಲ್ಲಿ ಕೆಲಸ, ಬಿಸಿಲೇರಿದಾಗ ಹೊಳೆಯಲ್ಲಿ ಸ್ನಾನ, ಸಂಜೆ ಭತ್ತ, ಬೆಲ್ಲ ಸೇರಿಸಿ ಹುಲ್ಲಿನಲ್ಲಿ ಕಟ್ಟಿದ ಕುಸುರೆ, ರಾತ್ರಿ ಕಾಡು. ಕಾಲಿಗೆ ಉದ್ದನೆಯ ಸರಪಳಿ ಕಟ್ಟಿ ಮೇಯಲು ಬಿಡುತ್ತಾರೆ. ಬೆಳಗಿನ ಮಂಜಿನಲ್ಲಿ ಕಾವಾಡಿ ಆ ಸರಪಳಿ ನೆಲದಲ್ಲಿ ಎಳೆದ ಗೆರೆ ಹಿಡಿದು ನಡೆದು ಆನೆಯನ್ನು ಕರೆತರುತ್ತಾನೆ. ಶಿಬಿರದ ಹೆಣ್ಣಾನೆಗಳಿಗೆ ಕಾಡಿನ ಸಲಗಗಳಿಂದ ಮರಿಗಳಾಗುವುದೂ ಈ ರಾತ್ರಿಗಳಲ್ಲೇ.

ಆನೆಯ ಜೊತೆಗಿನ ಈ ಬದುಕನ್ನು ಬಾಳಿದವರು ಹೆಚ್ಚಾಗಿ ಜೇನುಕುರುಬ, ಬೆಟ್ಟಕುರುಬ ಕುಟುಂಬಗಳವರು ಮತ್ತು ತಲೆಮಾರುಗಳಿಂದ ಮಾವುತರಾಗಿದ್ದ ಮುಸ್ಲಿಂ ಮನೆತನಗಳವರು. ಮಾವುತ ಆನೆಯ ಕತ್ತಿನ ಮೇಲೆ ಕುಳಿತು ಕಾಲ್ಬೆರಳಿನಿಂದ ಕಿವಿಯ ಹಿಂದೆ ಒತ್ತಿ ದಾರಿ ತೋರಿಸುತ್ತಾನೆ. ಕಾವಾಡಿ ಮೇವು, ಸ್ನಾನ, ಸರಪಳಿಗಳನ್ನು ನೋಡಿಕೊಳ್ಳುತ್ತಾನೆ. ಅಪ್ಪ ಮಾವುತ, ಮಗ ಕಾವಾಡಿ, ಮೊಮ್ಮಗ ಆನೆಯ ಕಾಲ ಬಳಿ ಆಡುವ ಹುಡುಗ. ಈ ವಿದ್ಯೆಗೆ ಪುಸ್ತಕವಿರಲಿಲ್ಲ. ಯಾವ ಆನೆಗೆ ಯಾವ ಹೊತ್ತಿನಲ್ಲಿ ಕೋಪ, ಮದ ಏರುವ ಮುನ್ನ ಕಪೋಲದಲ್ಲಿ ಒಸರುವ ಮೊದಲ ಹನಿ ಹೇಗಿರುತ್ತದೆ ಎಂಬುದನ್ನು ಬಲ್ಲವರು ಇವರೇ. ಕಾಡಿನ ಆದಾಯದ ಲೆಕ್ಕಪುಸ್ತಕದಲ್ಲಿ ಮಾತ್ರ ಇವರು ದಿನಗೂಲಿಯ ಸಾಲಿನಲ್ಲಿದ್ದರು.

ನಾಟಾ ಹೋದ ದಾರಿ

ಆನೆ ದಾರಿಗೆ ತಂದ ಮರ ಮುಂದೆ ಹಲವು ರೀತಿಯಲ್ಲಿ ಸಾಗುತ್ತಿತ್ತು. ಉತ್ತರ ಕನ್ನಡದಲ್ಲಿ ಕಾಳಿ ನದಿಯಲ್ಲಿ ತೇಲಿಸಿ ಕಡಲತೀರದ ಸದಾಶಿವಗಡಕ್ಕೆ ಒಯ್ಯುತ್ತಿದ್ದರು. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಆದ್ದರಿಂದ ನಿಂತ ಮರದ ಬುಡದ ಸುತ್ತ ತೊಗಟೆ ಕಡಿದು, ಒಣಗಲು ಬಿಟ್ಟು ಆಮೇಲೆ ಉರುಳಿಸುವ ಕ್ರಮ ಬರ್ಮಾದಂಥ ತೇಗದ ನಾಡುಗಳಲ್ಲಿತ್ತು. 20ನೇ ಶತಮಾನದ ಆರಂಭದಲ್ಲಿ ಅಳ್ನಾವರದಿಂದ ದಾಂಡೇಲಿಗೆ ರೈಲು ಹಾದಿ ಬಂತು. ದಾಂಡೇಲಿಯ ಸಾಗುವಾನಿ ಬಯಲುಸೀಮೆಯ ಊರುಗಳಲ್ಲೂ ಮಾತಾಗುವಷ್ಟು ಹೆಸರಾಯಿತು. ಭದ್ರಾವತಿಯಲ್ಲಿ 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆ ಕಾಡಿನ ಸೌದೆಯನ್ನು ಇದ್ದಿಲು ಮಾಡಿಯೇ ಅದಿರು ಕರಗಿಸುತ್ತಿತ್ತು. ಸ್ವಾತಂತ್ರ್ಯಾನಂತರ ಪ್ಲೈವುಡ್, ಬೆಂಕಿಪೆಟ್ಟಿಗೆ, ಕಾಗದದ ಕಾರ್ಖಾನೆಗಳು ಸೇರಿಕೊಂಡವು. ನಾಗರಹೊಳೆ, ದುಬಾರೆ, ಸಕ್ರೆಬೈಲು, ದಾಂಡೇಲಿಗಳ ಕಡೆ ಆನೆಗಳು ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ ಮರಗಳನ್ನು ಎಳೆದವು.

ಇಲ್ಲೊಂದು ವಿಪರ್ಯಾಸ ಯಾರ ಕಣ್ಣಿಗಾದರೂ ಬೀಳುವಂತಿದೆ. ಆನೆಗಳು ಎಳೆಯುತ್ತಿದ್ದುದು ತಮ್ಮದೇ ಕಾಡನ್ನು. ಬಿದಿರು, ಹುಲ್ಲು, ನೂರು ಬಗೆಯ ಮರಗಳಿದ್ದ ಕಾಡು ಹೋದೆಡೆ ತೇಗದ ಸಾಲು ತೋಪುಗಳು ಎದ್ದವು. ತೇಗದ ಎಲೆ ಆನೆಯ ಮೆಚ್ಚಿನ ಮೇವಲ್ಲ. ಹಿಂಡುಗಳು ಕಾಡಂಚಿನ ರಾಗಿ, ಭತ್ತದ ಹೊಲಗಳ ಕಡೆ ತಿರುಗಿದ್ದಕ್ಕೆ ಕಾರಣಗಳು ಹಲವು, ಅವುಗಳಲ್ಲಿ ಇದೂ ಒಂದು.

ಹಾಗಾದರೆ ಪ್ರಾಣಿಯಿಂದ ಎಳೆಸುವುದು ಕಾಡಿಗೆ ಮೃದುವೆಂಬ ಮಾತು ಸುಳ್ಳೇ? ಸುಳ್ಳಲ್ಲ. ಆನೆಯ ಹೆಜ್ಜೆ ಮಣ್ಣನ್ನು ಯಂತ್ರದಷ್ಟು ಕೆಡಿಸುವುದಿಲ್ಲ. ಅದಕ್ಕಾಗಿ ಅಗಲ ರಸ್ತೆ ಕಡಿಯಬೇಕಾಗುವುದಿಲ್ಲ. ಆರಿಸಿದ ಒಂದು ಮರವನ್ನು ನೆರೆಯ ಹತ್ತು ಮರಗಳಿಗೆ ಪೆಟ್ಟಾಗದಂತೆ ತೆಗೆಯುವುದು ಅದರಿಂದ ಸಾಧ್ಯ. ಆದರೆ ಎಷ್ಟು ಮರ ಕಡಿಯಬೇಕೆಂದು ತೀರ್ಮಾನಿಸುವುದು ಆನೆಯಲ್ಲ, ಕುದುರೆಯೂ ಅಲ್ಲ. ಯುರೋಪಿನಲ್ಲಿ ಕುದುರೆ ಮತ್ತೆ ಕಾಡಿಗೆ ಬಂದದ್ದು ಕಡಿತಕ್ಕೆ ಮಿತಿ ಹಾಕಿದ ನೆಡುತೋಪುಗಳಲ್ಲಿ. ನಮ್ಮಲ್ಲಿ ಆನೆ ದುಡಿದದ್ದು ಕಡಿತ ಏರುತ್ತಲೇ ಹೋದ ಕಾಲದಲ್ಲಿ.

ಸರಪಳಿ ಕಳಚಿದ ಮೇಲೆ

ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಹೈದರ್ ಶಾಪ ಹಾಕಿದನೆಂಬ ಕಾಕನಕೋಟೆ ಸೀಮೆಯ ದೊಡ್ಡ ಭಾಗ 1970ರ ದಶಕದಲ್ಲಿ ಕಬಿನಿ ಜಲಾಶಯದ ನೀರಿನಡಿ ಸೇರಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಜಾರಿಯಾಯಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಲ್ಕಣಿಯ ಜನ ಕಡಿಯಲು ಗುರುತು ಹಾಕಿದ ಮರಗಳನ್ನು ತಬ್ಬಿ ನಿಂತರು. ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಆ ಅಪ್ಪಿಕೊ ಚಳವಳಿ ಘಟ್ಟದ ಊರೂರಿಗೆ ಹರಡಿತು. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾಡನ್ನು ಮೊದಲಿಗೆ ಆದಾಯದ ಮೂಲವಾಗಿ ನೋಡುವುದನ್ನು ಕೈಬಿಟ್ಟಿತು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶ ದೇಶದೆಲ್ಲೆಡೆ ಕಡಿತಕ್ಕೆ ಬಿಗಿಯಾದ ಕಡಿವಾಣ ಹಾಕಿತು. ಕೂಪುಗಳು ಒಂದೊಂದಾಗಿ ನಿಂತವು. ಉಳಿದ ನೆಡುತೋಪಿನ ಕೆಲಸಕ್ಕೆ ಟ್ರ್ಯಾಕ್ಟರು, ಲಾರಿಗಳು ಸಾಕಾದವು.

ಕಾಡಿಗೆ ಒಳ್ಳೆಯದಾಯಿತು. ಆನೆಗೆ? ಇದೇ ಪ್ರಶ್ನೆ ಥಾಯ್ಲೆಂಡಿನಲ್ಲಿ ಕಠೋರವಾಗಿ ಎದುರಾಯಿತು. ಪ್ರವಾಹ, ಭೂಕುಸಿತಗಳಿಂದ ನೂರಾರು ಜನ ಸತ್ತ ಮೇಲೆ ಆ ದೇಶ 1989ರಲ್ಲಿ ಮರ ಕಡಿತವನ್ನು ನಿಷೇಧಿಸಿತು. ಅಲ್ಲಿಯ ಆನೆಗಳು ಬಹುಪಾಲು ಖಾಸಗಿಯವರವು. ಕೆಲಸ ಕಳೆದುಕೊಂಡ ಮಾವುತರು ಆನೆಗಳನ್ನು ಬ್ಯಾಂಕಾಕಿನ ಬೀದಿಗೆ ತಂದು, ಬಾಳೆಹಣ್ಣು ತಿನಿಸುವವರಿಂದ ಕಾಸು ಬೇಡಿದರು. ಉಳಿದವು ಪ್ರವಾಸಿಗರ ಸವಾರಿಗೆ, ಆಟಗಳಿಗೆ ಸೇರಿದವು. ಕರ್ನಾಟಕದಲ್ಲಿ ಹಾಗಾಗಲಿಲ್ಲ. ಇಲ್ಲಿಯ ನಾಟಾ ಆನೆಗಳು ಇಲಾಖೆಯವು. ಅವುಗಳ ಮೇವು, ಔಷಧಿ, ಮಾವುತರ ಸಂಬಳ ಸರ್ಕಾರದ ಹೊಣೆಯಾಗಿ ಉಳಿದವು. ದುಬಾರೆ, ಸಕ್ರೆಬೈಲುಗಳಲ್ಲಿ ಆನೆಯ ಸ್ನಾನ ನೋಡಲು ಜನ ಟಿಕೆಟ್ ಕೊಂಡು ಬರತೊಡಗಿದರು. ವರ್ಷಕ್ಕೊಮ್ಮೆ ಆಯ್ದ ಆನೆಗಳು ಮೈಸೂರು ದಸರಾಕ್ಕೆ ಹೊರಡುತ್ತವೆ.

ಆದರೆ ಅವುಗಳಿಗೆ ಇನ್ನೊಂದು ಕೆಲಸ ಕಾದಿತ್ತು. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದ ಕಾಡುಗಳಲ್ಲಿ 6,395 ಆನೆಗಳಿವೆ. ದೇಶದ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಹಾಸನ, ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಆನೆ ಕಾಟ ಹೆಚ್ಚಿ, ಮನುಷ್ಯರೂ ಆನೆಗಳೂ ಸಾಯುತ್ತಿದ್ದಾರೆ. ಪುಂಡಾನೆಯನ್ನು ಹಿಡಿಯಬೇಕಾದಾಗ ಮೊದಲು ಕರೆ ಹೋಗುವುದು ಶಿಬಿರದ ಆನೆಗಳಿಗೆ. ಅರಿವಳಿಕೆ ಮದ್ದಿನ ಚುಚ್ಚುಮದ್ದು ತಗುಲಿದ ಕಾಡಾನೆಯ ಎರಡು ಬದಿಗೆ ನಿಂತು, ಹಗ್ಗ ಬಿಗಿಸಿಕೊಂಡು ಅದನ್ನು ಲಾರಿಯವರೆಗೆ ಎಳೆದೊಯ್ಯುವವು ಅವೇ.

ಅರ್ಜುನ ಎಂಬ ಆನೆಯ ಬಾಳು ಈ ಕಥೆಯ ಎಲ್ಲ ತಿರುವುಗಳನ್ನು ಒಳಗೊಂಡಿದೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕ ಅದು ಬಳ್ಳೆ ಶಿಬಿರದಲ್ಲಿ ಬೆಳೆಯಿತು. 2012ರಿಂದ 2019ರವರೆಗೆ ಎಂಟು ವರ್ಷ ದಸರಾದಲ್ಲಿ ಚಿನ್ನದ ಅಂಬಾರಿ ಹೊತ್ತಿತು. ಅರವತ್ತು ದಾಟಿದ ಆನೆಗೆ ಅಂಬಾರಿ ಹೊರಿಸಬಾರದೆಂದು 2020ರಲ್ಲಿ ಆ ಹೊಣೆ ಅಭಿಮನ್ಯುವಿಗೆ ಹೋಯಿತು. ಅಂಬಾರಿಯಿಂದ ನಿವೃತ್ತಿ ಸಿಕ್ಕಿತೇ ಹೊರತು ಕೆಲಸದಿಂದಲ್ಲ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ನಡುವೆ ಮದವೇರಿದ ಸಲಗವೊಂದು ಮೇಲೆರಗಿತು. ಕಾದಾಡುತ್ತಲೇ ಅರ್ಜುನ ಸತ್ತಿತು. ಅದನ್ನು ಮಣ್ಣು ಮಾಡುವಾಗ ಮಾವುತ ಗೋಳಾಡಿದ್ದನ್ನು ನಾಡಿನ ಜನ ಟಿ.ವಿ.ಯಲ್ಲಿ ಕಂಡರು. ಅರವತ್ತು ದಾಟಿದ ಆನೆಯನ್ನು ಇಂಥ ಕೆಲಸಕ್ಕೆ ಕರೆದೊಯ್ದದ್ದು ಸರಿಯೇ ಎಂಬ ಪ್ರಶ್ನೆ ಆಗ ಎದ್ದಿತು. ಕೂಪಿನ ಕಾಲದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು.

ಗೊರೇಬಾಳದ ಕಡೆ ಹಳೆಯ ಮನೆಗಳನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟುವಾಗ ತೊಲೆ, ಬಾಗಿಲುಗಳನ್ನು ಬಿಚ್ಚಿ ಮಾರುವುದುಂಟು. ನೂರು ವರ್ಷ ಕಳೆದರೂ ಹುಳು ಹಿಡಿಯದ ಸಾಗುವಾನಿಗೆ ಈಗಲೂ ಒಳ್ಳೆಯ ಬೆಲೆಯಿದೆ. ಅದು ಯಾವ ಕಾಡಿನಿಂದ ಬಂತು, ಯಾರು ಎಳೆದು ತಂದರು ಎಂಬುದು ಮಾರುವವರಿಗೂ ಗೊತ್ತಿಲ್ಲ, ಕೊಳ್ಳುವವರಿಗೂ ಬೇಕಿಲ್ಲ. ಇತ್ತ ಶಿಬಿರಗಳಲ್ಲಿ ಕಾವಾಡಿ ಇಂದಿಗೂ ಬೆಳಗಿನ ಮಂಜಿನಲ್ಲಿ ಸರಪಳಿಯ ಗೆರೆ ಹಿಡಿದು ಆನೆ ಹುಡುಕುತ್ತಾ ಹೋಗುತ್ತಾನೆ. ಎಳೆಯುವ ಕೆಲಸ ಆನೆಗೆ ಇನ್ನೂ ತಪ್ಪಿಲ್ಲ. ಅಂದು ಕಾಡಿನಿಂದ ಮರವನ್ನು ಎಳೆದು ತಂದ ಹಾಗೆಯೇ ಇಂದು ಕಾಡು ಸಾಲದೆ ಊರಿಗೆ ಬಂದ ಆನೆಯನ್ನು ಅದು ಎಳೆಯುತ್ತಿದೆ.